ಎಳ್ಳ ಅಮಾವಾಸ್ಯೆ ಮರುದಿನ ಚಿಕ್ಕಿ ನೋಡುವ ರಾತ್ರಿ: 34 ಮಕ್ಕಳು, ಒಂದೇ ಟೆಲಿಸ್ಕೋಪ್, ಏನು ಮಾಡಿಸೋಣ?

ಸಜ್ಜಿರೊಟ್ಟಿ (ವಿಜಯಪುರ):

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್ 20, ಶನಿವಾರ, ತಿಕೋಟಾ ಹತ್ತಿರದ ನಮ್ಮ ಮಾವನವರ ದ್ರಾಕ್ಷಿ ತೋಟದಲ್ಲಿ ಮಕ್ಕಳಿಗೆ ಆಕಾಶ ತೋರಿಸೋಣ ಅಂತಿದ್ದೇವೆ. ಹಿಂದಿನ ದಿನವೇ ಎಳ್ಳ ಅಮಾವಾಸ್ಯೆ. ಚರಗ (ಹೊಲಕ್ಕೆ ಎಡೆ) ಚೆಲ್ಲಲು ಅರ್ಧ ಓಣಿ ಹೇಗೂ ಹೊಲಕ್ಕೆ ಬಂದಿರುತ್ತದೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಳಿದಿರುತ್ತದೆ, ಚಂದ್ರನ ಬೆಳಕಿನ ಕಾಟವೂ ಇಲ್ಲ.

ಹೋದ ವರ್ಷ ಮಾಡಿದ್ದು ಕೆಟ್ಟಿತು ಅಂತಲೇ ಹೇಳಬೇಕು. ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆವು. ಮೊದಲನೇ ಹುಡುಗನೇ ಕೊಳವೆ ಹಿಡಿದು ಜಗ್ಗಿದ, ಗುರು ಕೈತಪ್ಪಿ ಹೋದ. ಮತ್ತೆ ಹುಡುಕುವಷ್ಟರಲ್ಲಿ ಹಿಂದಿನವರು ಮಣ್ಣು ಎರಚಾಡಿಕೊಂಡರು. ಕೊನೆಯ ನಾಲ್ವರು ಜಮಖಾನದ ಮೇಲೆ ನಿದ್ದೆ ಹೊಡೆದರು. ನನ್ನ ಮಗಳು ಐಪೀಸ್‌ಗೆ ಕಣ್ಣಿಟ್ಟು "ಹ್ಞೂಂ ಅವ್ವಾ, ಕಾಣ್ತು" ಅಂದಿದ್ದಳು. ಬೆಳಗ್ಗೆ ಕೇಳಿದರೆ "ಏನೂ ಕಾಣಲಿಲ್ಲ, ಎಲ್ಲಾರೂ ಕಾಣ್ತು ಅಂದ್ರು, ಅದಕ್ಕ ನಾನೂ ಅಂದೆ" ಅಂದಳು.

ಈ ಸಲ 34 ಮಕ್ಕಳು, 5 ವರ್ಷದಿಂದ 14ರವರೆಗೆ. ಟೆಲಿಸ್ಕೋಪ್ ಅದೇ ಒಂದು, 130 ಎಂಎಂ. ಏನು ಮಾಡಿಸಬಹುದು ಹೇಳ್ರಿ.

ಗುಮ್ಮಟದ ಗಿಳಿ (ವಿಜಯಪುರ):

ಅಕ್ಕಾ, ಮೊದಲು ಲೆಕ್ಕ ಹಾಕಿ. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಅಂದರೂ 34 ಮಕ್ಕಳಿಗೆ 51 ನಿಮಿಷ. ಒಂದು ಮಗು ಒಂದೂವರೆ ನಿಮಿಷ ನೋಡುತ್ತದೆ, ಉಳಿದ 49 ನಿಮಿಷ ಸುಮ್ನೆ ನಿಲ್ಲುತ್ತದೆ. ಮಣ್ಣು ಎರಚದೆ ಇನ್ನೇನು ಮಾಡೀತು? ಆ 49 ನಿಮಿಷಕ್ಕೆ ಏನು ಕೆಲಸ ಕೊಡುತ್ತೀರಿ ಅನ್ನೋದೇ ಇಡೀ ಕಾರ್ಯಕ್ರಮ. ಟೆಲಿಸ್ಕೋಪ್ ಒಂದು ಮೂಲೆಯಲ್ಲಿರಲಿ, ಏಳೆಂಟು ಮಕ್ಕಳ ಗುಂಪು ಮಾಡಿ ಸರದಿ ಪ್ರಕಾರ ಕರೆಯಿರಿ.

"ಕಾಣ್ತು" ಅನ್ನೋ ರೋಗಕ್ಕೆ ಔಷಧ ಇದೆ. ಅಂಗೈ ಅಗಲದ ಕಾರ್ಡಿನ ಮೇಲೆ ಒಂದು ದುಂಡು ಬರೆದು ಮೊದಲೇ ಕೊಡಿ. ಐಪೀಸ್‌ನಲ್ಲಿ ಕಂಡದ್ದನ್ನು ಆ ದುಂಡಿನೊಳಗೆ ಬರೆಯಬೇಕು. ಗುರು ಗ್ರಹ ನೋಡಿದವರು ಪಕ್ಕದಲ್ಲಿ ಒಂದೇ ಗೆರೆಯ ಮೇಲೆ ಎಷ್ಟು ಚುಕ್ಕಿ ಇದ್ದವು, ಯಾವ ಕಡೆ ಎಷ್ಟು ಅಂತ ಬರೆಯಲಿ. ಅವೇ 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು. ಕೆಲವೊಮ್ಮೆ ಒಂದು ಗುರುವಿನ ಹಿಂದೆಯೋ ಮುಂದೆಯೋ ಹೋಗಿ ಮೂರೇ ಕಾಣುತ್ತವೆ. "ನಾಲ್ಕು ಇರಬೇಕು" ಅಂತ ನೀವು ಮೊದಲೇ ಹೇಳಿದರೆ ಎಲ್ಲರೂ ನಾಲ್ಕೇ ಬರೆಯುತ್ತಾರೆ. ಬಾಯಿ ಬಿಡಬೇಡಿ.

ಇನ್ನೊಂದು. ಈ ಸಲ ಶನಿಯ ಬಳೆ ಅಂಚಿನಿಂದ ಕಾಣುತ್ತಿದೆ, ತೆಳ್ಳಗೆ ಸೂಜಿ ಚುಚ್ಚಿದ ಹಾಗೆ. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಪುಸ್ತಕದ ಚಿತ್ರ ನೋಡಿ ಬಂದ ಮಕ್ಕಳು "ಇದೇನಾ?" ಅಂತಾರೆ. ರೊಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ತೋರಿಸಿ, ಆಮೇಲೆ ಶನಿ ತೋರಿಸಿ. ಶನಿ ಏಳು ಗಂಟೆಗೆ ದಕ್ಷಿಣದಲ್ಲಿ ಎತ್ತರಕ್ಕಿರುತ್ತಾನೆ, ಗುರು ಮೇಲೆ ಬರಲು ಒಂಬತ್ತಾಗುತ್ತದೆ. ಅದಕ್ಕೇ ಎರಡು ಸುತ್ತು ಇಟ್ಟುಕೊಳ್ಳಿ.

ಸಜ್ಜಿರೊಟ್ಟಿ:

ರೊಟ್ಟಿ ಐಡಿಯಾ ಬಹಳ ಚಲೋ ಇದೆ ಅಣ್ಣಾ. ಸಣ್ಣವರಿಗೆ ಐಪೀಸ್ ಎಟುಕುವುದೇ ಇಲ್ಲ, ಅದಕ್ಕೇನು?

ಗುಮ್ಮಟದ ಗಿಳಿ:

ದ್ರಾಕ್ಷಿ ಕ್ರೇಟ್ ಬೋರಲು ಹಾಕಿ, ತೋಟದಲ್ಲಿ ಅದಕ್ಕೇನು ಬರವೇ! ಟೆಲಿಸ್ಕೋಪ್ ಪಕ್ಕ ಒಂದು ಕುರ್ಚಿ ಇಟ್ಟು, "ಕೈ ಹಿಡಿಯೋದಿದ್ದರೆ ಕುರ್ಚಿ ಹಿಡಿ" ಅನ್ನಿ. ಕೈಗೆ ಏನೋ ಒಂದು ಬೇಕು, ಇಲ್ಲದಿದ್ದರೆ ಕೊಳವೆಯನ್ನೇ ಹಿಡಿಯುತ್ತಾರೆ.

ಇಳಕಲ್ ಸೆರಗು (ಬಾಗಲಕೋಟೆ):

ಐದಾರು ವರ್ಷದವರಿಗೆ ಕತ್ತಲಾಗುವ ಮುಂಚೆ ಉಲ್ಕೆ ಗುಂಡಿ ಆಟ ಆಡಿಸಿ ಅಕ್ಕಾರ. ದೊಡ್ಡ ಪರಾತದಲ್ಲಿ ಪುಡಿ ಹರವಿ, ಮೇಲಿನಿಂದ ಬೇರೆ ಬೇರೆ ಗಾತ್ರದ ಕಲ್ಲು ಬಿಡೋದು. ಗುಂಡಿ ಬೀಳುತ್ತದೆ, ಅಂಚು ಏಳುತ್ತದೆ, ಸುತ್ತ ಪುಡಿ ಚಿಮ್ಮುತ್ತದೆ. ಚಂದ್ರನ ಮೇಲಿನ ಗುಂಡಿಗಳೂ ಹೀಗೇ ಆದವು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಕೆಳಗೆ ಹಿಟ್ಟು ಹಾಕಿ, ಮೇಲಿನ ಪದರಕ್ಕೆ ಕೆಂಪು ಬಣ್ಣ ಬೇಕಲ್ಲ ಅಂತ ಅಡುಗೆಮನೆಯಿಂದ ಖಾರದ ಪುಡಿ ತಂದು ಉದುರಿಸಿಬಿಟ್ಟೆ. ಬ್ಯಾಡಗಿ ಬೇರೆ, ಬಣ್ಣ ಅಂದರೆ ಬಣ್ಣ. ಮೊದಲ ಕಲ್ಲು ಬಿತ್ತು. ಹನ್ನೊಂದು ಮಕ್ಕಳು ಒಟ್ಟಿಗೆ ಸೀನಿದರು. ಒಬ್ಬ ಹುಡುಗ ಕಣ್ಣುಜ್ಜಿಕೊಂಡು ಮನೆಗೆ ಓಡಿದ, ಅವನ ಅಜ್ಜಿ ಬಂದು ನನಗೆ ಬೈದದ್ದು ಇನ್ನೂ ಕಿವಿಯಲ್ಲಿದೆ.

ಈಗ ಕೆಳಗೆ ನಾಲ್ಕು ಬೆರಳು ದಪ್ಪ ರಂಗೋಲಿ ಪುಡಿ, ಮೇಲೆ ಜರಡಿ ಹಿಡಿದ ಒಣ ಎರೆ ಮಣ್ಣು ತೆಳ್ಳಗೆ. ಕಲ್ಲು ಬಿದ್ದಾಗ ಕಪ್ಪಿನ ಮೇಲೆ ಬಿಳಿ ಗೆರೆ ನಕ್ಷತ್ರದ ಥರ ಚಿಮ್ಮುತ್ತದೆ. ಹುಣ್ಣಿಮೆಯ ದಿನ ಚಂದ್ರನ ಕೆಳಭಾಗದಲ್ಲಿ ಟೈಕೋ ಅನ್ನೋ ಗುಂಡಿಯಿಂದ ಹೊರಟ ಬಿಳಿ ಗೆರೆಗಳು ಕಾಣುತ್ತವಲ್ಲ, ಥೇಟ್ ಹಾಗೇ. ಆ ಗುಂಡಿ ಸುಮಾರು 85 ಕಿ.ಮೀ. ಅಗಲ. ಹಿಟ್ಟೂ ದಂಡ ಆಗುವುದಿಲ್ಲ.

ಹಿಡಕಲ್ ಹಿನ್ನೀರು (ಬೆಳಗಾವಿ):

ಹಸಿರು ಲೇಸರ್ ತನ್ನಿ, ಆಕಾಶದಲ್ಲಿ ಬೆರಳಿಟ್ಟು ತೋರಿಸಿದ ಹಾಗಿರುತ್ತದೆ. ಮೊಬೈಲ್ ಆ್ಯಪ್ ಇದ್ದರೆ ಹೆಸರು ಕಲಿಯುವ ಕಷ್ಟವೂ ಇಲ್ಲ.

ನಿವೃತ್ತ ಮಾಸ್ತರ (ಜಮಖಂಡಿ):

ಲೇಸರ್ ಬೇಡ ತಮ್ಮಾ. 34 ಮಕ್ಕಳ ನಡುವೆ ಒಬ್ಬನ ಕಣ್ಣಿಗೆ ಬಿದ್ದರೆ ಮುಗಿಯಿತು. ಮೇಲೆ ವಿಮಾನ ಹೋಗುತ್ತಿದ್ದರೆ ಪೈಲಟ್‌ಗೂ ತೊಂದರೆ. ನಿಮ್ಮ ಕಡೆ ಸಾಂಬ್ರಾ ನಿಲ್ದಾಣ ಬೇರೆ ಇದೆ. ಆಪಿನ ಮಾತು ಇನ್ನೊಂದು. ಆ ಪರದೆಯ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಬ್ಯಾಟರಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಸುತ್ತು ಸುತ್ತಿ ರಬ್ಬರ್ ಹಾಕಿ. ದೊಡ್ಡವರ ಮೊಬೈಲೆಲ್ಲ ಒಂದು ಬುಟ್ಟಿಗೆ ಬೀಳಲಿ. ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ ತೆಗೆಯುತ್ತಾರೆ, ನೋಡಿದ್ದೇನೆ.

ತೋರಿಸಲು ಕೈಯೇ ಸಾಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು ಒಂದು ಡಿಗ್ರಿ. ಸಣ್ಣ ಮಗುವಿನ ಮುಷ್ಟಿ ಸಣ್ಣದು ನಿಜ, ಕೈಯೂ ಅಷ್ಟೇ ಗಿಡ್ಡ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ಉತ್ತರಕ್ಕೆ ತಿರುಗಿ ನೆಲದಂಚಿನಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಲಿ. ಎರಡಕ್ಕಿಂತ ಸ್ವಲ್ಪ ಕಮ್ಮಿಗೆ ಧ್ರುವ ನಕ್ಷತ್ರ ಸಿಗುತ್ತದೆ. ವಿಜಯಪುರದ ಅಕ್ಷಾಂಶ ಸುಮಾರು 17 ಡಿಗ್ರಿ, ಧ್ರುವ ಅಷ್ಟೇ ಎತ್ತರಕ್ಕಿರುತ್ತಾನೆ. ಶ್ರೀನಗರದಲ್ಲಿ ಮೂರೂವರೆ ಮುಷ್ಟಿ ಬೇಕು. ಭೂಮಿ ದುಂಡಗಿದೆ ಅಂತ ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದೆ, ಮುಷ್ಟಿಯಲ್ಲಿ ತೋರಿಸಿದ್ದು ನಿವೃತ್ತಿಯಾದ ಮೇಲೆ.

ಚರಗದ ದಿನ ಮಧ್ಯಾಹ್ನ ಒಂದು ಕೆಲಸ ಮಾಡಿಸಿ. ಒಂದು ಮೀಟರ್ ಕೋಲು ನೆಟ್ಟು, 12ರಿಂದ 1ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಶೇಂಗಾ ಇಡಬೇಕು. ನೆರಳು ಅತಿ ಗಿಡ್ಡ ಆಗೋದು 12 ಗಂಟೆಗಲ್ಲ, ಸುಮಾರು 12:25ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷ. ಆಗಲೂ ನೆರಳು 85 ಸೆಂ.ಮೀ. ಇರುತ್ತದೆ. ಅದೇ ಕೋಲನ್ನು ಮೇ ಮೊದಲ ವಾರದಲ್ಲಿ ನೆಟ್ಟರೆ ಒಂದು ದಿನ ನೆರಳೇ ಇರುವುದಿಲ್ಲ.

ಹಿಡಕಲ್ ಹಿನ್ನೀರು:

ಸರ್, ಲೇಸರ್ ವಾಪಸ್ ತಗೊಂಡೆ. ಮೇ ಮೊದಲ ವಾರ ಬೆಳಗಾವಿಯಲ್ಲೂ ನೆಡುತ್ತೇನೆ. ನಮ್ಮ ಕಡೆ ಚರಗ ಶೀಗಿ ಹುಣ್ಣಿಮೆಗೆ. ಚಂದ್ರ ತಲೆ ಮೇಲೆ ಉರಿಯುತ್ತಿರುತ್ತಾನೆ, ನಕ್ಷತ್ರಕ್ಕೆ ಉಪಯೋಗ ಇಲ್ಲ. ನಿಮ್ಮ ಎಳ್ಳ ಅಮಾವಾಸ್ಯೆ ನೋಡಿ ಹೊಟ್ಟೆಕಿಚ್ಚಾಗುತ್ತಿದೆ.

ಸುಮ್ನೆ ಓದುವವ (ಬಾಗಲಕೋಟೆ):

ಭಾಸ್ಕರಾಚಾರ್ಯರು ವಿಜಯಪುರದವರು ಅಂತ ಮಕ್ಕಳಿಗೆ ಹೇಳಿ, ಹೆಮ್ಮೆ ಬರುತ್ತದೆ.

ಗುಮ್ಮಟದ ಗಿಳಿ:

1114ರಲ್ಲಿ ವಿಜ್ಜಡವಿಡದಲ್ಲಿ ಹುಟ್ಟಿದರು. ಅದು ನಮ್ಮ ವಿಜಯಪುರ ಅಂತ ಕೆಲವರು, ಅಲ್ಲ ಮಹಾರಾಷ್ಟ್ರದಲ್ಲಿ ಅಂತ ಕೆಲವರು. ಸಿದ್ಧಾಂತ ಶಿರೋಮಣಿ ಬರೆದಾಗ ಅವರಿಗೆ 36 ವರ್ಷ, ಅದನ್ನು ಹೇಳಿ ಸಾಕು. ಊರಿನ ಜಗಳ ಹಿಡಿದರೆ ಚಿಕ್ಕಿ ನೋಡಲು ಟೈಮ್ ಸಿಗಲ್ಲ.

ನಾನು ಮಾಡಿಸುವ ಆಟ ಇನ್ನೊಂದಿದೆ. ಭೂಮಿ ಒಂದು ಜೋಳದ ಕಾಳು, 4 ಮಿ.ಮೀ. ಆಗ ಸೂರ್ಯ ಎಷ್ಟು ದೊಡ್ಡವನು ಅಂತ ಕೇಳಿ. ನಿಂಬೆಹಣ್ಣು ಅಂತಾರೆ, ತೆಂಗಿನಕಾಯಿ ಅಂತಾರೆ. ಒಂದು ಮೊಳ ಅಗಲದ ರೊಟ್ಟಿ ಬುಟ್ಟಿ ತಂದಿಡಿ, ಅದು ಸೂರ್ಯ. ಇನ್ನು ಕಾಳನ್ನು ಎಲ್ಲಿಡಬೇಕು? ಎಲ್ಲರೂ ಬುಟ್ಟಿಯ ಪಕ್ಕದಲ್ಲೇ ಇಡುತ್ತಾರೆ. 47 ಮೀಟರ್ ನಡೆಸಿಕೊಂಡು ಹೋಗಿ. ಚಂದ್ರ ಒಂದು ಗಸಗಸೆ ಕಾಳು, ಜೋಳದಿಂದ 12 ಸೆಂ.ಮೀ. ದೂರ. ಮನುಷ್ಯರು ಇದುವರೆಗೆ ಹೋಗಿರೋದು ಅಷ್ಟೇ ದೂರ, ಗೇಣಿಗಿಂತ ಕಮ್ಮಿ. ಗುರು ಒಂದು ನಿಂಬೆಹಣ್ಣು, ಬುಟ್ಟಿಯಿಂದ 245 ಮೀಟರ್. ತೋಟದ ಆಚೆ ತುದಿಗೆ ಒಬ್ಬನನ್ನು ನಿಂಬೆಹಣ್ಣು ಹಿಡಿಸಿ ಓಡಿಸಿ.

ಆಮೇಲೆ ಕೇಳಿ: ಇನ್ನೊಂದು ರೊಟ್ಟಿ ಬುಟ್ಟಿ ಎಲ್ಲಿದೆ? ಅಂದರೆ ಪಕ್ಕದ ನಕ್ಷತ್ರ. ಸೂರ್ಯನಷ್ಟೇ ಇರುವ ಆಲ್ಫಾ ಸೆಂಟಾರಿ ಈ ಲೆಕ್ಕದಲ್ಲಿ ಸುಮಾರು 13,000 ಕಿ.ಮೀ. ದೂರ. ಒಂದು ಬುಟ್ಟಿ ತಿಕೋಟಾದಲ್ಲಿ, ಇನ್ನೊಂದು ನ್ಯೂಯಾರ್ಕ್‌ನಲ್ಲಿ.

ಬುಟ್ಟಿ ಬದಲು ಗೋಳಗುಮ್ಮಟದ ಗುಮ್ಮಟವನ್ನೇ ಸೂರ್ಯ ಅಂದುಕೊಂಡರೂ ಆಗುತ್ತದೆ. ಅದರ ಹೊರ ಅಗಲ 44 ಮೀಟರ್, ಅಂದರೆ ಬುಟ್ಟಿಯ ನೂರು ಪಟ್ಟು. ಭೂಮಿ 40 ಸೆಂ.ಮೀ. ಚೆಂಡು, ನಾಲ್ಕೂಮುಕ್ಕಾಲು ಕಿ.ಮೀ. ದೂರದಲ್ಲಿ. ಯುರೇನಸ್ ಸೋಲಾಪುರದ ಹತ್ತಿರ. ನೆಪ್ಚೂನ್ ಕಲಬುರ್ಗಿ ದಾಟಿ.

ಇಳಕಲ್ ಸೆರಗು:

ಹೋದ ಸಲ ಒಬ್ಬಳು ಹುಡುಗಿ "ನನ್ನ ನಕ್ಷತ್ರ ರೋಹಿಣಿ ಅಂತ ಅವ್ವ ಹೇಳ್ಯಾಳ, ಎಲ್ಲೈತ್ರಿ?" ಅಂತ ಕೇಳಿದಳು. ಜಾತಕದ ಮಾತು ಇಲ್ಲಿ ಯಾಕೆ ಅಂತ ನಮ್ಮವರೊಬ್ಬರು ರೇಗಿದರು. ಆ ಮಗು ಮತ್ತೆ ಬಾಯಿ ಬಿಡಲಿಲ್ಲ. ಏನು ಮಾಡಬೇಕಿತ್ತು?

ನಿವೃತ್ತ ಮಾಸ್ತರ:

ತೋರಿಸಬೇಕಿತ್ತು, ಮತ್ತೇನು? ಮಗು ಕೇಳಿದ್ದು ಎಲ್ಲಿದೆ ಅಂತ. ಜಾತಕ ಬರೆದುಕೊಡಿ ಅಂತ ಕೇಳಲಿಲ್ಲವಲ್ಲ. ಹೆಸರು ಗೊತ್ತಿದ್ದು ಬಂದ ಮಗು ಎಲ್ಲಿ ಸಿಗುತ್ತದೆ?

ನಮ್ಮ ರೈತರಿಗೂ ಆ ಹೆಸರೆಲ್ಲ ಗೊತ್ತು, ಮಳೆಯ ಹೆಸರಾಗಿ. ರೋಹಿಣಿ ಮಳೆ, ಮಿರಗ, ಆರಿದ್ರಾ. ಇಲ್ಲೊಂದು ಚಂದದ ಪ್ರಶ್ನೆ ಇದೆ, ಮಕ್ಕಳನ್ನು ಕೇಳಿ. ರೋಹಿಣಿ ಮಳೆ ಬೀಳುವ ದಿನಗಳಲ್ಲಿ, ಅಂದರೆ ಮೇ ಕೊನೆಗೆ, ಮೋಡ ಸರಿದರೆ ರೋಹಿಣಿ ಕಾಣುತ್ತಾಳಾ?

ಕಾಣುವುದಿಲ್ಲ. ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬಂದಾಗಲೇ ಅದಕ್ಕೆ ರೋಹಿಣಿ ಮಳೆ ಅನ್ನೋದು. ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆ ಮುಳುಗುತ್ತಾಳೆ. ಒಂದೊಂದು ನಕ್ಷತ್ರದಲ್ಲಿ ಸೂರ್ಯ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಒಂದೊಂದು ಮಳೆಯೂ ಅಷ್ಟೇ ದಿನ. ಎಳ್ಳ ಅಮಾವಾಸ್ಯೆಗೆ ಸೂರ್ಯ ಹೆಚ್ಚುಕಮ್ಮಿ ಎದುರು ಬದಿಗೆ, ಅದಕ್ಕೇ ಈಗ ರೋಹಿಣಿ ಸಂಜೆಯಿಂದಲೇ ಪೂರ್ವಕ್ಕೆ ಕೆಂಪಗೆ ಹೊಳೆಯುತ್ತಾಳೆ.

ನಿಮ್ಮ ಹತ್ತಿರ 34 ಮಕ್ಕಳು ಇದ್ದಾರೆ. 27 ಜನರನ್ನು ದೊಡ್ಡ ಸುತ್ತಿಗೆ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರದ ಚೀಟಿ. ನಡುವೆ ಕಂದೀಲು. ಒಬ್ಬ ಭೂಮಿ ಆಗಿ ಕಂದೀಲಿನ ಸುತ್ತ ನಡೆಯಲಿ. ಕಂದೀಲಿನ ಆಚೆ ಯಾರು ಕಾಣುತ್ತಾರೋ ಅವರ ಮಳೆ. ಬೆನ್ನು ತಿರುಗಿಸಿದರೆ ನಡುರಾತ್ರಿ, ಆಗ ಎದುರಿಗೆ ನಿಂತವರೇ ಆ ತಿಂಗಳ ಚಿಕ್ಕಿ. ಉಳಿದವರಲ್ಲಿ ಒಬ್ಬ ಚಂದ್ರ ಆಗಲಿ.

ಗುಮ್ಮಟದ ಗಿಳಿ:

ಸರ್, ಇದನ್ನು ನಾನು ಕದಿಯುತ್ತೇನೆ.

ನನ್ನದೂ ಒಂದು ಸೇರಿಸಿಕೊಳ್ಳಿ: ವಯಸ್ಸಿನ ಚಿಕ್ಕಿ. ಲುಬ್ಧಕನ ಬೆಳಕು ನಮ್ಮನ್ನು ಮುಟ್ಟಲು 8.6 ವರ್ಷ. ಅಂದರೆ ಮೂರನೇ ಕ್ಲಾಸಿನವರು ಹುಟ್ಟಿದಾಗ ಹೊರಟ ಬೆಳಕು ಈಗ ಬರುತ್ತಿದೆ. ಪ್ರೊಸಿಯಾನ್ 11.5, ಅದು ಆರನೇ ಕ್ಲಾಸಿಗೆ. ಪುನರ್ವಸುವಿನ ಎರಡರಲ್ಲಿ ಹೆಚ್ಚು ಹೊಳೆಯುವುದು 34, ಅದು ಅವ್ವಂದಿರಿಗೆ. ಬ್ರಹ್ಮಹೃದಯ 43. ರೋಹಿಣಿ ಸುಮಾರು 65, ಅಜ್ಜಂದಿರ ಪಾಲಿಗೆ. ಒಂಬತ್ತೂವರೆಗೆ ಐದೂ ಮೇಲೆ ಬಂದಿರುತ್ತವೆ.

ಸುಮ್ನೆ ಓದುವವ:

ತೋಟದಲ್ಲಿ ಬಾವಿ ಇದೆಯಾ? ಡ್ರಿಪ್ ಪೈಪು? ಬೆಳಕಿದ್ದಾಗಲೇ ಹಗ್ಗ ಕಟ್ಟಿ. ಡಿಸೆಂಬರ್‌ನಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುತ್ತಾ ಇರುತ್ತಾರೆ, ಸಾಲಿನೊಳಗೆ ಮಕ್ಕಳನ್ನು ಬಿಡಬೇಡಿ, ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಚಪ್ಪಲಿ ಬೇಡ, ಶೂ ಹಾಕಿಸಿ, ಚೇಳು ಇರುತ್ತವೆ.

ಸಜ್ಜಿರೊಟ್ಟಿ:

ಸುಮ್ನೆ ಓದುವವರೇ, ಆಗಾಗ ಹೀಗೇ ಬರೆಯಿರಿ. ಬಾವಿ ಇದೆ. ನನಗೆ ಹೊಳೆದೇ ಇರಲಿಲ್ಲ.

ಸಜ್ಜಿರೊಟ್ಟಿ (ಡಿಸೆಂಬರ್ 21, ಭಾನುವಾರ):

ಮುಗಿಯಿತು. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದೆವು. ಧ್ವನಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಟ್ಟದ್ದು ಮೊದಲು. ಮೊಬೈಲ್ ಬುಟ್ಟಿ ಉಪಯೋಗಕ್ಕೆ ಬರಲಿಲ್ಲ, ಬುಟ್ಟಿಯೊಳಗೇ ರಿಂಗಾಗಿ ಬೆಳಗುತ್ತಿದ್ದವು. ಮೇಲೆ ಕಂಬಳಿ ಹೊದಿಸಬೇಕಾಯಿತು. ನಿಂಬೆಹಣ್ಣು ಹಿಡಿದು ಓಡಿದವನು ಗುರು ಗ್ರಹವನ್ನು ಕಾಲುವೆಗೆ ಬೀಳಿಸಿದ. ಮುಷ್ಟಿ ಆಟದಲ್ಲಿ ಒಬ್ಬ ಐದು ಮುಷ್ಟಿ ಅಂದ. ನೋಡಿದರೆ ಕೈ ಮಡಚಿ ಮೂಗಿನ ಹತ್ತಿರ ಹಿಡಿದಿದ್ದ.

ಶನಿಗೆ ರೊಟ್ಟಿ ಕೆಲಸ ಮಾಡಿತು. "ರೊಟ್ಟಿ ಅಡ್ಡ ಹಿಡ್ದಂಗ ಐತಿ" ಅಂತ ಎಂಟು ವರ್ಷದವನೊಬ್ಬ ಐಪೀಸ್‌ನಿಂದ ಕಣ್ಣು ತೆಗೆಯದೇ ಹೇಳಿದ. ಗುರುವಿನ ಕಾರ್ಡುಗಳನ್ನು ಈಗ ಹರವಿಕೊಂಡು ಕೂತಿದ್ದೇನೆ. ಒಬ್ಬಳು ಎಂಟು ಚುಕ್ಕಿ ಬರೆದಿದ್ದಾಳೆ, ಹಿಂದಿನ ನಕ್ಷತ್ರವನ್ನೂ ಸೇರಿಸಿರಬೇಕು. ಇಬ್ಬರ ಕಾರ್ಡು ಪೂರ್ತಿ ಖಾಲಿ, ಕೆಳಗೆ "ಕಾಣಲಿಲ್ಲ" ಅಂತ ಬರೆದಿದ್ದಾರೆ. ಒಂದು ನನ್ನ ಮಗಳದು. ಅವಳನ್ನು ಮತ್ತೆ ಕ್ರೇಟ್ ಹತ್ತಿಸಿ, ಇನ್ನೊಂದು ಕಣ್ಣು ಮುಚ್ಚಿ ಹಿಡಿದೆ. ಈ ಹುಡುಗಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ ಅಂತ ನನಗೆ ಒಂದು ವರ್ಷ ಗೊತ್ತೇ ಇರಲಿಲ್ಲ ನೋಡಿ. ಹೋದ ಸಲ ಎರಡೂ ಮುಚ್ಚಿಕೊಂಡಿದ್ದಾಳೆ!

ಮಳೆ ಸುತ್ತು ಎಲ್ಲಕ್ಕಿಂತ ಚಲೋ ಆಯಿತು. ನಡುವೆ ಸ್ವಾತಿ ಒಂದಕ್ಕೆ ಹೋದ. ಭೂಮಿ ನಡೆಯುತ್ತಾ ಬಂದು, ಕಂದೀಲಿನ ಆಚೆ ಆ ಖಾಲಿ ಜಾಗ ಕಂಡಾಗ ನಿಂತು, "ಈ ವರ್ಷ ಸ್ವಾತಿ ಮಳಿ ಇಲ್ಲ, ಕಡ್ಲಿ ಹೋತು" ಅಂದ. ದೊಡ್ಡವರೂ ಬಿದ್ದು ಬಿದ್ದು ನಕ್ಕರು.

ನಮ್ಮ ಮಾವನವರು ಅಲ್ಲೀವರೆಗೆ ಹೊರಸಿನ ಮೇಲೆ ಕೂತು ಸೀತನಿ ತಿನ್ನುತ್ತಿದ್ದರು. ರೋಹಿಣಿ ಚೀಟಿ ಹಿಡಿದ ಹುಡುಗಿ ಕಂದೀಲಿನ ಆಚೆ ಬಂದಾಗ, "ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ" ಅಂತ ಅಲ್ಲಿಂದಲೇ ಕೂಗಿದರು. ಎದ್ದು ಬಂದು ಕೇಳಿದರು, ಆ ಚಿಕ್ಕಿ ಎಲ್ಲಿ ಅಂತ. ಅರವತ್ತು ವರ್ಷ ಆ ಮಳೆ ನೋಡಿ ಬಿತ್ತಿದ್ದಾರೆ, ಚಿಕ್ಕಿ ನೋಡಿರಲಿಲ್ಲ. ಹುಡುಗಿಯೇ ಮುಷ್ಟಿ ಹಿಡಿದು ಕೃತ್ತಿಕೆಯ ಗೊಂಚಲು ತೋರಿಸಿ, ಅಲ್ಲಿಂದ ಕೆಳಗೆ ಒಂದೂಕಾಲು ಮುಷ್ಟಿ ಅಂದಳು. ಅವರಿಗೆ 66. ನೀವು ಹುಟ್ಟಿದ ಹೊತ್ತಿನಲ್ಲಿ ಹೊರಟ ಬೆಳಕು ಅಂತ ಹೇಳಿದೆ. ಬಹಳ ಹೊತ್ತು ಮೇಲೆ ನೋಡಿದರು. "ಹಂಗಾದ್ರ ಆಕಿ ಈಗ ಅದಾಳೋ ಇಲ್ಲೋ?" ಅಂದರು.

ನಾನು ಏನು ಹೇಳಬೇಕಿತ್ತು ಮಾಸ್ತರೇ?

ನಿವೃತ್ತ ಮಾಸ್ತರ:

ಇದ್ದಾಳೆ ಅಂತ ಹೇಳ್ರಿ. ನಕ್ಷತ್ರದ ಆಯುಸ್ಸಿಗೆ 65 ವರ್ಷ ಒಂದು ರೆಪ್ಪೆ ಹೊಡೆದಷ್ಟೂ ಅಲ್ಲ. ಆದರೆ ಪ್ರಶ್ನೆ ಭಾರಿ ಇದೆ. ಮುಂದಿನ ಸಲ ಮಾವನವರನ್ನು ಹೊರಸಿನ ಮೇಲೆ ಕೂಡಿಸಬೇಡಿ, ಸುತ್ತಿನ ನಡುವೆ ನಿಲ್ಲಿಸಿ.

ಇಳಕಲ್ ಸೆರಗು:

ಎಂಟು ಚುಕ್ಕಿಯ ಕಾರ್ಡ್ ಎಸೆಯಬೇಡಿ ಅಕ್ಕಾರ. ಅವಳೇ ಎಲ್ಲರಿಗಿಂತ ಜಾಸ್ತಿ ನೋಡಿದವಳು.

ಗುಮ್ಮಟದ ಗಿಳಿ:

ಹತ್ತೂವರೆ ಮೇಲೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಎದ್ದಿರುತ್ತಿತ್ತು, ಯಾರಾದರೂ ನೋಡಿದರಾ?

ಸಜ್ಜಿರೊಟ್ಟಿ:

ನೋಡಿದೆವು ಅಣ್ಣಾ, ಬೇಲಿಯ ಮೇಲೆ. ಎಚ್ಚರ ಇದ್ದವರು ಒಂಬತ್ತು ಮಕ್ಕಳು ಮತ್ತು ಮಾವ. ಅಂದಹಾಗೆ, ಸೂರ್ಯ ಆಗಿದ್ದ ರೊಟ್ಟಿ ಬುಟ್ಟಿ ಯಾರದೋ ಗಾಡಿಯಲ್ಲಿ ಹೋಗಿದೆ. ಅತ್ತೆ ಬೆಳಗ್ಗೆಯಿಂದ ಮೂರು ಸಲ ಕೇಳಿದರು. ಒಳಗೆ ಕೆಂಪು ಕಾಗದದ ಎರಡು ಬ್ಯಾಟರಿಯೂ ಇವೆ. ಯಾರ ಹತ್ತಿರ ಇದೆಯೋ ನಾಳೆ ತಂದುಕೊಡ್ರಿ.